ನಾಲಿಗೆಗೆ ಕಾವಲು ಕೇಳಿಕೊಂಡದ್ದು: ನನ್ನ ಅನುಭವ

ನನ್ನ ದೌರ್ಬಲ್ಯ ನನ್ನ ನಾಲಿಗೆ. ಕೂಗಾಡುವ ಸಿಟ್ಟು ನನ್ನದಲ್ಲ. ದನಿ ಏರಿಸುವುದೇ ಇಲ್ಲ. ಎದುರಿಗಿದ್ದವರಿಗೆ ಎಲ್ಲಿ ನೋವಿದೆಯೋ ಅಲ್ಲೇ ನಾಟುವ ಹಾಗೆ ಒಂದು ಮಾತು ಆಡಿಬಿಡುತ್ತೇನೆ. ಅವರ ಮುಖ ಸಣ್ಣಗಾಗುತ್ತದೆ. ಕೂಗಾಡಿದವರನ್ನು ಜನ ಕ್ಷಮಿಸುತ್ತಾರೆ, ಮರೆಯುತ್ತಾರೆ. ಚುಚ್ಚು ಮಾತನ್ನು ಮರೆಯುವುದಿಲ್ಲ. ವರ್ಷಗಳಾದ ಮೇಲೂ "ನೀವು ಅವತ್ತು ಹೀಗಂದಿದ್ರಿ" ಅಂತ ನೆನಪಿಸುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಶಿರಸಿಯಲ್ಲಿ. ಮದುವೆಯಾಗಿ ಕಾರವಾರಕ್ಕೆ ಬಂದೆ. ಇಲ್ಲಿ ಒಂದು ಸಣ್ಣ ಹೊಲಿಗೆ ಅಂಗಡಿ ಇದೆ. ಬ್ಲೌಸ್, ಚೂಡಿದಾರ, ಸೀರೆಗೆ ಫಾಲ್, ಪಿಕೋ. ಹೊಲಿಗೆ ಕಲಿಯಲು ಹುಡುಗಿಯರು ಬರುತ್ತಾರೆ. ಗಿರಾಕಿಗಳಲ್ಲಿ ಊರಿನವರಿದ್ದಾರೆ, ನೇವಿ ಮನೆಯವರಿದ್ದಾರೆ, ಕೈಗಾ ಅಣುಸ್ಥಾವರದವರಿದ್ದಾರೆ. ಮೊಬೈಲಿನಲ್ಲಿ ಡಿಸೈನ್ ತೋರಿಸಿ ಇದೇ ಥರ ಬೇಕು ಅನ್ನುತ್ತಾರೆ. ತಂದ ಬಟ್ಟೆ ಅದಕ್ಕೆ ಸಾಕಾಗುವುದಿಲ್ಲ. ನಾಳೆ ಕೊಡುತ್ತೇನೆ ಅಂದದ್ದನ್ನು ಇವತ್ತೇ ಕೇಳಲು ಬರುತ್ತಾರೆ. ಬೆಳಗ್ಗೆಯಿಂದ ರಾತ್ರಿವರೆಗೆ ಮಾತೇ ಮಾತು. ನಾಲಿಗೆ ಹರಿತ ಇರುವವಳಿಗೆ ಇದು ಸುಲಭದ ಕೆಲಸವಲ್ಲ.

ನಮ್ಮದು ಕಥೋಲಿಕ ಮನೆ. ಪ್ರಾರ್ಥನೆ ನನಗೆ ಹೊಸದಲ್ಲ. ಸಂಜೆ ಮಣಿ ಎಣಿಸಿ ಹೇಳುವ ಜಪಸರ, ಭಾನುವಾರ ಚರ್ಚಿನಲ್ಲಿ ಬಲಿಪೂಜೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಶುಕ್ರವಾರ ಶಿಲುಬೆಹಾದಿಯ ಪ್ರಾರ್ಥನೆ. "ದೇವರೇ, ನನ್ನನ್ನು ಒಳ್ಳೆಯವಳನ್ನಾಗಿ ಮಾಡು" ಅಂತ ಬೇಡುತ್ತಲೇ ಇದ್ದೆ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬರುವಾಗಲೆಲ್ಲ ಇನ್ನು ಯಾರಿಗೂ ನೋವಾಗುವ ಹಾಗೆ ಮಾತಾಡಬಾರದು ಅಂತ ನಿಶ್ಚಯ ಮಾಡುತ್ತಿದ್ದೆ. ತಪಸ್ಸುಕಾಲದಲ್ಲಿ ಮಾಂಸ ಬಿಡುವುದು ನನಗೆ ಯಾವತ್ತೂ ಕಷ್ಟವಾಗಲಿಲ್ಲ. ಈ ನಿಶ್ಚಯ ಮಾತ್ರ ಒಂದು ವಾರವೂ ನಿಲ್ಲುತ್ತಿರಲಿಲ್ಲ.

ಚರ್ಚಿನ ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಪ್ರತಿ ಸಲ ಇದನ್ನು ಹೇಳುತ್ತಿದ್ದೆ. ಆದರೆ ಹತ್ತರ ಜೊತೆ ಹನ್ನೊಂದು ಅನ್ನುವ ಹಾಗೆ. ಪ್ರಾರ್ಥನೆ ತಪ್ಪಿಸಿದೆ, ಸುಳ್ಳು ಹೇಳಿದೆ, ಕೆಟ್ಟ ಮಾತಾಡಿದೆ, ಹೀಗೆ. ಒಂದು ಸಲ ವಯಸ್ಸಾದ ಗುರುಗಳೊಬ್ಬರು ಎಲ್ಲ ಕೇಳಿಸಿಕೊಂಡು, "ಮಗಳೇ, ಇದರಲ್ಲಿ ನಿನ್ನನ್ನು ಜಾಸ್ತಿ ಕಾಡೋದು ಯಾವುದು?" ಅಂದರು. ನಾಲಿಗೆ ಅಂದೆ. "ಹಾಗಾದ್ರೆ ಈಗ ಇದೊಂದನ್ನೇ ಹಿಡಿ. ಎಲ್ಲದಕ್ಕೂ ಒಟ್ಟಿಗೆ ಕೈ ಹಾಕಬೇಡ" ಅಂದರು. ಆಮೇಲೆ ಇನ್ನೊಂದು ದಿನ ಕರೆದು ಕೂರಿಸಿ ಒಂದು ಕ್ರಮ ಹೇಳಿಕೊಟ್ಟರು.

ಆ ಕ್ರಮ ಸಂತ ಇಗ್ನಾಸಿಯವರದು, ಯೇಸುಸಭೆ (ಜೆಸ್ವಿಟ್ ಗುರುಗಳ ಸಭೆ) ಸ್ಥಾಪಿಸಿದವರು. ಅವರು 1491ರಲ್ಲಿ ಸ್ಪೇನಿನಲ್ಲಿ ಹುಟ್ಟಿದವರು. ಸೈನಿಕನಾಗಿ ಹೆಸರು ಮಾಡಬೇಕು ಅನ್ನುವ ಆಸೆಯಲ್ಲಿ ಬೆಳೆದವರು. 1521ರಲ್ಲಿ ಪಾಂಪ್ಲೋನ ಅನ್ನುವ ಊರಿನ ಕೋಟೆ ಕಾಯುವಾಗ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದಾಗ ಕ್ರಿಸ್ತನ ಜೀವನ, ಸಂತರ ಜೀವನ ಓದಿ ಮನಸ್ಸು ತಿರುಗಿತು. ತನ್ನ ಮನಸ್ಸಿನೊಳಗೆ ಏನಾಗುತ್ತಿದೆ ಅಂತ ಅವರು ಹಾಸಿಗೆಯಲ್ಲೇ ಗಮನಿಸಲು ಶುರು ಮಾಡಿದರು. ಯಾವ ಯೋಚನೆ ಬಂದು ಹೋದ ಮೇಲೆ ಮನಸ್ಸು ಒಣಗುತ್ತದೆ, ಯಾವುದು ಹೋದ ಮೇಲೂ ಸಂತೋಷ ಉಳಿಯುತ್ತದೆ ಅಂತ. ಮುಂದೆ ಅವರು ಕಲಿಸಿದ ಧ್ಯಾನಕ್ರಮಕ್ಕೆ 1548ರಲ್ಲಿ ಪೋಪರ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಒಂದೇ ಒಂದು ದೋಷವನ್ನು ಹಿಡಿದು ದಿನದಿನವೂ ನೋಡಿಕೊಳ್ಳುವ ಒಂದು ಭಾಗ ಇದೆ. ಗುರುಗಳು ನನಗೆ ಹೇಳಿಕೊಟ್ಟದ್ದು ಅದನ್ನೇ.

ಕ್ರಮ ಹೀಗಿದೆ. ಬೆಳಗ್ಗೆ ಎದ್ದ ಕೂಡಲೇ, ಇವತ್ತು ಈ ಒಂದು ವಿಷಯದಲ್ಲಿ ಎಚ್ಚರ ಇರಬೇಕು ಅಂತ ನಿಶ್ಚಯ ಮಾಡಬೇಕು. ಮಧ್ಯಾಹ್ನ ಊಟದ ಮೇಲೆ ದೇವರ ಸಹಾಯ ಕೇಳಿ, ಎದ್ದಾಗಿನಿಂದ ಆವರೆಗಿನ ಹೊತ್ತನ್ನು ಗಂಟೆ ಗಂಟೆಯಾಗಿ ನೆನೆದು ನೋಡಬೇಕು. ಎಷ್ಟು ಸಲ ಜಾರಿದೆನೋ ಅಷ್ಟು ಚುಕ್ಕಿ ಒಂದು ಗೆರೆಯ ಮೇಲೆ ಇಡಬೇಕು. ರಾತ್ರಿ ಊಟದ ಮೇಲೆ ಮತ್ತೆ ಹಾಗೇ, ಎರಡನೇ ಗೆರೆಯ ಮೇಲೆ. ದಿನಕ್ಕೆ ಎರಡು ಗೆರೆ, ವಾರಕ್ಕೆ ಏಳು ಜೋಡಿ. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಹೋಲಿಸಬೇಕು. ನಿನ್ನೆಗೂ ಇವತ್ತಿಗೂ, ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಬೇಕು. ಜೊತೆಗೆ ಇನ್ನೊಂದು ಇದೆ. ದಿನದ ನಡುವೆ ಜಾರಿದ ಕ್ಷಣದಲ್ಲೇ ಎದೆಯ ಮೇಲೆ ಕೈ ಇಟ್ಟು ಪಶ್ಚಾತ್ತಾಪ ಪಡಬೇಕು. ನಾಲ್ಕು ಜನರ ನಡುವೆ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ ಅಂತ ಇಗ್ನಾಸಿಯವರೇ ಹೇಳಿದ್ದಾರೆ. ಬಲಿಪೂಜೆಯ ಮೊದಲಿಗೆ ತಪ್ಪೊಪ್ಪಿಕೊಳ್ಳುವ ಪ್ರಾರ್ಥನೆ ಹೇಳುವಾಗ ನಾವು ಎದೆ ಮುಟ್ಟಿಕೊಳ್ಳುತ್ತೇವಲ್ಲ, ಅದೇ. ಅದನ್ನು ನಾನು ಅಂಗಡಿಗೆ ತಂದೆ.

ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆ ಹಾಳೆಯಲ್ಲಿ ಗೆರೆ ಎಳೆದೆ. ಮಧ್ಯಾಹ್ನ ಹುಡುಗಿಯರು ಊಟಕ್ಕೆ ಹೋದಾಗ ಅರ್ಧ ಶಟರ್ ಎಳೆದು ಕೂರುತ್ತಿದ್ದೆ. ಹೆಚ್ಚು ಹೊತ್ತೇನೂ ಬೇಕಾಗಿಲ್ಲ. ಮೊದಮೊದಲು ಚುಕ್ಕಿ ಕಡಿಮೆ ಇರುತ್ತಿತ್ತು. ನಾನು ಸರಿಯಾಗಿದ್ದೆ ಅಂತಲ್ಲ, ನನಗೆ ಕಾಣುತ್ತಿರಲಿಲ್ಲ. ಮಾತು ಆಡಿದ್ದೇ ನೆನಪಿರುತ್ತಿರಲಿಲ್ಲ. ಎರಡನೇ ವಾರದ ಹೊತ್ತಿಗೆ ಗೆರೆ ತುಂಬಿತು. ಆಗ ಗಾಬರಿಯಾಯಿತು. ಗುರುಗಳಿಗೆ ಹೇಳಿದರೆ ಸಂತೋಷಪಟ್ಟರು. "ಬೆಳಕು ಬಂದ ಮೇಲೆ ತಾನೇ ಕಸ ಕಾಣೋದು" ಅಂದರು. ಹೊಸದಾಗಿ ಶುರು ಮಾಡುವ ಹೆಚ್ಚಿನವರು ಈ ಹಂತದಲ್ಲೇ ಬಿಟ್ಟುಬಿಡುತ್ತಾರೆ ಅಂತ ನನಗೆ ಅನಿಸುತ್ತದೆ. ಇಲ್ಲಿ ಬಿಡಬಾರದು.

ಚುಕ್ಕಿ ಎಣಿಸುವುದಕ್ಕಿಂತ ಅವು ಎಲ್ಲಿ ಬೀಳುತ್ತವೆ ಅಂತ ನೋಡಿದ್ದರಿಂದಲೇ ನನಗೆ ಹೆಚ್ಚು ಉಪಯೋಗವಾಯಿತು. ಮಧ್ಯಾಹ್ನದ ಗೆರೆಯಲ್ಲೇ ಜಾಸ್ತಿ ಇರುತ್ತಿದ್ದವು. ಅದರಲ್ಲೂ ಊಟದ ಮುಂಚಿನ ಹೊತ್ತಿನಲ್ಲಿ. ಬೆಳಗ್ಗೆ ಮಕ್ಕಳಿಗೆ ಡಬ್ಬಿ ಕಟ್ಟಿ, ನಾನು ಬರೀ ಚಹಾ ಕುಡಿದು ಬಂದಿರುತ್ತಿದ್ದೆ. ಗುರುಗಳು ಇದನ್ನು ಕೇಳಿ ಎಲೀಯನ ಕಥೆ ಓದು ಅಂದರು. ಬೈಬಲಿನ ಮೊದಲನೇ ಅರಸುಗಳು ಅನ್ನುವ ಪುಸ್ತಕ, 19ನೇ ಅಧ್ಯಾಯ. ಪ್ರವಾದಿ ಎಲೀಯ ಸಾಕಾಗಿ ಗಿಡದ ಕೆಳಗೆ ಮಲಗಿ, ನನ್ನ ಪ್ರಾಣ ತೆಗೆದುಕೋ ಅಂತ ದೇವರನ್ನು ಕೇಳುತ್ತಾನೆ. ದೇವರು ಉಪದೇಶ ಮಾಡಲಿಲ್ಲ. ದೂತನನ್ನು ಕಳಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಡಿಸಿದರು. ತಿಂದು ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದರು. ಮಾತು ಆಮೇಲೆ. ಈ ಅಧ್ಯಾಯವನ್ನು ನಾನು ಎಷ್ಟೋ ಸಲ ಕೇಳಿದ್ದೆ. ನನಗೆ ಹೇಳಿದ್ದು ಅಂತ ಅನಿಸಿದ್ದು ಆಗಲೇ. ಅವತ್ತಿನಿಂದ ತಿಂಡಿ ತಿಂದೇ ಅಂಗಡಿ ತೆಗೆಯುತ್ತೇನೆ. ನನ್ನ ಮಟ್ಟಿಗೆ ಅದೂ ಪ್ರಾರ್ಥನೆಯ ಒಂದು ಭಾಗ. ನಿದ್ದೆ, ಊಟ, ರಕ್ತ ಕಡಿಮೆ ಇರುವುದು, ಥೈರಾಯ್ಡ್, ಇವನ್ನೆಲ್ಲ ಡಾಕ್ಟರ ಹತ್ತಿರ ತೋರಿಸಿಕೊಳ್ಳದೆ ಬರೀ ಪ್ರಾರ್ಥನೆ ಮಾಡುತ್ತೇನೆ ಅನ್ನುವುದು ವಿಶ್ವಾಸವಲ್ಲ.

ತಿಂಡಿಯಿಂದ ಎಲ್ಲ ಸರಿಯಾಗಲಿಲ್ಲ ಅನ್ನಿ. ಉಳಿದ ಚುಕ್ಕಿಗಳು ಬೇರೆ ಕಡೆ ಬೀಳುತ್ತಿದ್ದವು. ಯಾರಾದರೂ ಮಡಗಾಂವಿನಲ್ಲಿ ಹೊಲಿಸಿದ ಬ್ಲೌಸ್ ತಂದು ಇದರ ಹಾಗೆ ಬರಬೇಕು ಅಂದಾಗ. ಹತ್ತಿರದಲ್ಲೇ ಹೊಸದಾಗಿ ತೆರೆದ ಬುಟಿಕ್‌ನ ಮಾತು ಬಂದಾಗ. ಹೊಲಿದದ್ದನ್ನು ಒಬ್ಬರು ವಾಪಸ್ ತಂದಾಗ, ಅದೇ ಹೊತ್ತಿಗೆ ಕಲಿಯುವ ಹುಡುಗಿ ಎದುರಿಗಿದ್ದರೆ ಅವಳ ಮೇಲೆ. ನಾನು ಇದನ್ನು ಸಿಟ್ಟು ಅಂದುಕೊಂಡಿದ್ದೆ. ಅದರ ಕೆಳಗೆ ಇದ್ದದ್ದು ಹೆದರಿಕೆ. ಗಿರಾಕಿ ಹೋಗಿಬಿಡುತ್ತಾರೆ, ನನ್ನ ಕೈಕೆಲಸಕ್ಕೆ ಬೆಲೆ ಇಲ್ಲ ಅನ್ನುತ್ತಾರೆ ಅನ್ನುವ ಹೆದರಿಕೆ. ಇದು ಗೊತ್ತಾದ ಮೇಲೆ ನಾನು ಬೇಡುವುದೂ ಬದಲಾಯಿತು. ಸಿಟ್ಟು ತೆಗೆ ಅಂತ ಬೇಡುವುದನ್ನು ಬಿಟ್ಟು, ನನ್ನ ಹೊಟ್ಟೆಪಾಡು ನಿನ್ನ ಕೈಯಲ್ಲಿದೆ ಅಂತ ನಂಬುವ ಧೈರ್ಯ ಕೊಡು ಅಂತ ಬೇಡತೊಡಗಿದೆ. ಆಕಾಶದ ಹಕ್ಕಿಗಳನ್ನು ನೋಡಿ, ಅವು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ ಅಂತ ಯೇಸುಸ್ವಾಮಿ ಹೇಳಿದ ಮಾತು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿದೆ. ಅಲ್ಲೇ ಮುಂದೆ ಬಟ್ಟೆಯ ಮಾತೂ ಇದೆ. ಉಡುಪಿನ ಚಿಂತೆ ಯಾಕೆ, ಹೊಲದ ಹೂವುಗಳನ್ನು ನೋಡಿ ಅಂತ. ಹೊಲಿಗೆಯವಳಿಗೆ ಇದಕ್ಕಿಂತ ನೇರವಾಗಿ ಹೇಳಬೇಕಾ?

ಕ್ಷಣದ ಪ್ರಾರ್ಥನೆಗೆ ನಾನು ಹಿಡಿದುಕೊಂಡದ್ದು ಬೈಬಲಿನ 141ನೇ ಕೀರ್ತನೆ. ದೇವರೇ, ನನ್ನ ಬಾಯಿಗೆ ಕಾವಲಿಡು, ತುಟಿಗಳ ಬಾಗಿಲು ಕಾಯಿ ಅನ್ನುವ ಅರ್ಥದ ಮಾತು ಅದರಲ್ಲಿದೆ. ಪೂರ್ತಿ ಹೇಳುವಷ್ಟು ಸಮಯ ಎಲ್ಲಿರುತ್ತದೆ? "ಯೇಸುವೇ, ಬಾಗಿಲು ಕಾಯಿ" ಅನ್ನುತ್ತೇನೆ, ಅಷ್ಟೇ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರೂ ಮನಸ್ಸಿನಲ್ಲಿ ಹೇಳಬಹುದು. ಒಂದು ಉಸಿರಿನಷ್ಟು ಹೊತ್ತು ಸಿಗುತ್ತದೆ. ಚುಚ್ಚು ಮಾತಿಗೆ ಆ ಉಸಿರೇ ಶತ್ರು. ಅಷ್ಟರಲ್ಲಿ ಮಾತು ತನ್ನ ಮೊನೆ ಕಳೆದುಕೊಂಡಿರುತ್ತದೆ.

ಈಗ ಕಷ್ಟದ ಭಾಗ ಹೇಳುತ್ತೇನೆ.

ಚೌತಿಗೆ ಕೆಲವೇ ದಿನ ಇದ್ದವು. ಕಾರವಾರದಲ್ಲಿ ಚೌತಿ ಅಂದರೆ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೊರಗೆ ಮಳೆ, ಕರೆಂಟು ಹೋಗಿ ಬರುತ್ತಿತ್ತು. ಸದಾಶಿವಗಡದ ಕಡೆಯಿಂದ ಬರುವ ಒಂದು ಹುಡುಗಿ ಗಿರಾಕಿಯ ರೇಷ್ಮೆ ಬಟ್ಟೆಯನ್ನು ಎರಡೂ ತೋಳು ಒಂದೇ ಕೈಗೆ ಬರುವ ಹಾಗೆ ಕತ್ತರಿಸಿದಳು. ಕಲಿಯುವವರು ಎಲ್ಲರೂ ಒಂದಲ್ಲ ಒಂದು ಸಲ ಮಾಡುವ ತಪ್ಪು ಅದು. ನಾನು ದನಿ ಏರಿಸಲಿಲ್ಲ. "ಮನೇಲಿ ಹೇಳಿಕೊಡೋರು ಇದ್ದಿದ್ರೆ ಹೀಗಾಗ್ತಿರಲಿಲ್ಲ" ಅಂದೆ. ಆ ಹುಡುಗಿಗೆ ತಾಯಿ ಇಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಆ ಮಾತು ಬಂತು. ಅಂಗಡಿ ತುಂಬ ಜನ ಇದ್ದರು.

ಎದೆ ಮುಟ್ಟಿಕೊಂಡೆ. ಚುಕ್ಕಿ ಇಟ್ಟೆ. ಆದರೆ ಇದು ಚುಕ್ಕಿ ಇಟ್ಟು ಮುಗಿಸುವ ವಿಷಯವಲ್ಲ. ಮತ್ತಾಯನ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ಮಾತು ಹೇಳುತ್ತಾರೆ. ಬಲಿಪೀಠಕ್ಕೆ ಕಾಣಿಕೆ ತಂದಾಗ, ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪವಿದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು, ಆಮೇಲೆ ಬಂದು ಅರ್ಪಿಸು ಅಂತ. ಭಾನುವಾರ ಬಲಿಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳಬೇಕಾದರೆ ಶನಿವಾರವೇ ಹೋಗಬೇಕು ಅಂತ ಅನಿಸಿತು. ಅಂಗಡಿ ಮುಚ್ಚಿ ಕಾಳಿ ಸೇತುವೆ ದಾಟಿ ಅವರ ಮನೆಗೆ ಹೋದೆ. ಅಜ್ಜಿ ಇದ್ದರು. ಲೆಕ್ಕ ಕೇಳಲು, ಬಟ್ಟೆಯ ದುಡ್ಡು ಕೇಳಲು ಬಂದೆ ಅಂತ ಅವರು ಹೆದರಿಕೊಂಡಿದ್ದರು. ನಾನು ಹುಡುಗಿಗೆ ಹೇಳಿದ್ದು ಇಷ್ಟೇ. "ನಾನು ಆಡಿದ ಮಾತು ಕೆಟ್ಟದ್ದು. ನಿನ್ನ ತಾಯಿಯ ವಿಷಯ ನನ್ನ ಬಾಯಲ್ಲಿ ಬರಬಾರದಿತ್ತು. ನನ್ನನ್ನು ಕ್ಷಮಿಸು." ಅವಳು "ಇರ್ಲಿ ಬಿಡಿ ಅಕ್ಕಾ" ಅಂದಳು. ಅಜ್ಜಿ ಚಹಾ ಮಾಡಿದರು.

ಕ್ಷಮೆ ಕೇಳುವುದರಲ್ಲಿ ನಾನು ಕಲಿತದ್ದು ಇದೆ. "ಆದರೆ" ಅನ್ನುವ ಮಾತು ಬರಬಾರದು. ಚೌತಿ ಗಡಿಬಿಡಿ ಇತ್ತು, ಬಟ್ಟೆ ದುಬಾರಿಯದು, ಇದೆಲ್ಲ ನಿಜವೇ. ಹೇಳಿದ ಕೂಡಲೇ ಕ್ಷಮೆ ಹೋಗಿ ವಾದ ಆಗುತ್ತದೆ. ಇನ್ನೊಂದು, ನಾಲ್ಕು ಜನರ ಎದುರು ಆಡಿದ ಮಾತಿಗೆ ನಾಲ್ಕು ಜನರ ಎದುರೇ ಕ್ಷಮೆ ಕೇಳಬೇಕು. ಸೋಮವಾರ ಉಳಿದ ಹುಡುಗಿಯರ ಮುಂದೆ ಮತ್ತೊಮ್ಮೆ ಹೇಳಿದೆ. ಮನೆಗೆ ಹೋಗಿ ಹೇಳಿದ್ದಕ್ಕಿಂತ ಇದು ನೂರು ಪಾಲು ಕಷ್ಟ. ಆದರೆ ನನ್ನ ನಾಲಿಗೆಗೆ ನಿಜವಾದ ಕಡಿವಾಣ ಬಿದ್ದದ್ದು ಅವತ್ತು. ಮಾತು ಬಾಯಿಗೆ ಬರುವಾಗ, ಇದಕ್ಕೆ ಎಲ್ಲರ ಎದುರು ನಿಂತು ಕ್ಷಮೆ ಕೇಳಬೇಕಾಗುತ್ತದೆ ಅಂತ ಮನಸ್ಸಿಗೆ ಈಗ ಗೊತ್ತಿದೆ.

ಸುಮ್ಮನಿರುವುದೇ ಒಳ್ಳೆಯತನ ಅಂತ ಯಾರೂ ತಿಳಿಯಬಾರದು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಈ ಉಪದೇಶ ಬೇಕಾದಷ್ಟು ಸಿಗುತ್ತದೆ. ವಿಚಾರಣೆಯಲ್ಲಿ ಅರಸ ಹೆರೋದನ ಮುಂದೆ ಮೌನವಾಗಿದ್ದ ಯೇಸುವೇ, ದೇವಾಲಯದಲ್ಲಿ ವ್ಯಾಪಾರ ಮಾಡುವವರ ಮೇಜು ಉರುಳಿಸಿದವರು. ದುಡ್ಡು ಕೊಡದೆ ಸತಾಯಿಸುವವರಿಗೆ ನಾನು ನೇರವಾಗಿಯೇ ಹೇಳುತ್ತೇನೆ. ಹುಡುಗಿಯರ ಕೆಲಸ ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಹೊಲಿಸುತ್ತೇನೆ. ಮತ್ತಾಯನ 18ನೇ ಅಧ್ಯಾಯದ ಮಾತು ಇಲ್ಲಿ ನನಗೆ ದಾರಿ. ಸಹೋದರ ತಪ್ಪು ಮಾಡಿದರೆ, ನೀನೂ ಅವನೂ ಇಬ್ಬರೇ ಇರುವಾಗ ತಿಳಿಸು ಅಂತ ಅಲ್ಲಿದೆ. ಈಗ ತಿದ್ದುವುದೆಲ್ಲ ಗಿರಾಕಿ ಹೋದ ಮೇಲೆ, ಕತ್ತರಿಸುವ ಮೇಜಿನ ಹತ್ತಿರ ಕರೆದು. ತಪ್ಪಿನ ಬಗ್ಗೆ ಮಾತ್ರ ಮಾತು. ಮನೆ, ತಂದೆ ತಾಯಿ, ಬುದ್ಧಿ, ಇವು ಬರುವ ಹಾಗಿಲ್ಲ.

ಮನೆಯಲ್ಲಿ ಅತ್ತೆಯವರ ಜೊತೆಗಿನದು ಬೇರೆಯೇ ಕಥೆ. ಅಲ್ಲಿ ನಾನು ಚುಚ್ಚುವುದಕ್ಕಿಂತ ಮಾತು ಬಿಡುವುದೇ ಜಾಸ್ತಿ. ಅದಕ್ಕೆ ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ ಮಾತು ಹಿಡಿದುಕೊಂಡೆ. ಸೂರ್ಯ ಮುಳುಗುವ ಮುಂಚೆ ಸಿಟ್ಟು ಹೋಗಿರಬೇಕು. ಕಾರವಾರದಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುವುದು ಎಲ್ಲರ ಕಣ್ಣೆದುರಿಗೇ. ಹೊತ್ತು ಗೊತ್ತಾಗಲಿಲ್ಲ ಅನ್ನುವ ಹಾಗಿಲ್ಲ. ಸಂಜೆ ಜಪಸರಕ್ಕೆ ಒಟ್ಟಿಗೆ ಕೂರುವ ಮುಂಚೆ ಏನಾದರೂ ಒಂದು ಸಾದಾ ಮಾತು ನಾನೇ ಮೊದಲು ಆಡುತ್ತೇನೆ. ನಾಳೆ ಯಾವ ಮೀನು ತರುವುದು ಅಂತ ಕೇಳಿದರೂ ಆಯಿತು.

ಕೆಲವು ತಿಂಗಳಾದ ಮೇಲೆ ಗೆರೆಗಳು ಖಾಲಿ ಕಾಣತೊಡಗಿದವು. ಆಗ ಇನ್ನೊಂದು ಅಪಾಯ ಬಂತು. ಬೇರೆಯವರು ಮಾತು ಜಾರಿದಾಗ, ನಾನಾದರೆ ಹೀಗೆ ಮಾತಾಡುವುದಿಲ್ಲ ಅಂತ ಒಳಗೊಳಗೇ ಅನಿಸುತ್ತಿತ್ತು. ಪ್ರಾರ್ಥನೆ ಸಡಿಲವಾಯಿತು. ಮತ್ತೆ ಜಾರಿದೆ, ಜೋರಾಗಿಯೇ. ಆಗ ಯೇಸುವಿನ ಶಿಷ್ಯ ಪೇತ್ರನ ಕಥೆ ಓದಿದೆ. ಎಲ್ಲರೂ ನಿನ್ನನ್ನು ಬಿಟ್ಟರೂ ನಾನು ಬಿಡುವುದಿಲ್ಲ ಅಂದವನು, ಯೇಸು ಸೆರೆಯಾದ ಅದೇ ರಾತ್ರಿ, ಕೆಂಡದ ಮುಂದೆ ಚಳಿ ಕಾಯಿಸುತ್ತಾ, ಆತ ನನಗೆ ಗೊತ್ತಿಲ್ಲ ಅಂತ ಮೂರು ಸಲ ಹೇಳಿದ. ಅವನದೂ ನಾಲಿಗೆಯ ಪಾಪವೇ. ಯೇಸು ಪುನರುತ್ಥಾನವಾದ ಮೇಲೆ ಅವನನ್ನು ಭೇಟಿಯಾದದ್ದು ದಡದಲ್ಲಿ. ಅಲ್ಲೂ ಕೆಂಡ ಇತ್ತು, ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ. ರಾತ್ರಿಯಿಡೀ ಬಲೆ ಹಾಕಿ ಬಂದವರಿಗೆ ಬೆಳಗಿನ ಊಟ. ಯಾಕೆ ಹಾಗೆ ಹೇಳಿದೆ ಅಂತ ಯೇಸು ಕೇಳಲೇ ಇಲ್ಲ. ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿ, ಪ್ರತಿ ಸಲವೂ ಒಂದು ಜವಾಬ್ದಾರಿ ಕೊಟ್ಟರು. ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯ. ನಮ್ಮ ಬೈತಕೋಲ ಬಂದರಿನಲ್ಲಿ ಮೀನಿನ ದೋಣಿ ಬರುವುದನ್ನು ನೋಡಿದವರಿಗೆ ಈ ಅಧ್ಯಾಯ ಯಾರೂ ವಿವರಿಸಬೇಕಾಗಿಲ್ಲ.

ನನ್ನ ಪ್ರಯತ್ನಕ್ಕೂ ವಿಶ್ವಾಸಕ್ಕೂ ಇರುವ ವ್ಯತ್ಯಾಸ ನನಗೆ ಇಲ್ಲಿ ತಿಳಿಯಿತು. ಚುಕ್ಕಿ ಯಾರು ಬೇಕಾದರೂ ಇಡಬಹುದು. ದೇವರನ್ನು ನಂಬದವರಿಗೂ ಅದರಿಂದ ಲಾಭ ಇದೆ. ಆದರೆ ಬಿದ್ದ ದಿನ ನಾನು ಆ ಹಾಳೆಯನ್ನು ಯಾರ ಮುಂದೆ ಇಡುತ್ತೇನೆ? ನನ್ನ ಮುಂದೆಯೇ ಇಟ್ಟುಕೊಂಡರೆ ನಾಚಿಕೆ, ಇಲ್ಲದಿದ್ದರೆ ನೆಪ. ಪೇತ್ರನಿಗೆ ಊಟ ಹಾಕಿದವರ ಮುಂದೆ ಇಟ್ಟರೆ ಮರುದಿನ ಮತ್ತೆ ಗೆರೆ ಎಳೆಯಲು ಆಗುತ್ತದೆ. ಸಂತ ಪೌಲರು ತಮ್ಮ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆ ಅಂತ ಮೂರು ಸಲ ಬೇಡಿದರು. ಮುಳ್ಳು ಹೋಗಲಿಲ್ಲ. ನನ್ನ ಕೃಪೆ ನಿನಗೆ ಸಾಕು ಅನ್ನುವ ಉತ್ತರ ಬಂತು. ನನ್ನ ನಾಲಿಗೆಯ ಹರಿತವೂ ಪೂರ್ತಿ ಹೋಗಿಲ್ಲ. ಹೋಗುತ್ತದೆ ಅಂತ ಈಗ ಕಾಯುತ್ತಲೂ ಇಲ್ಲ. ದಿನಕ್ಕೆ ಎಷ್ಟೋ ಸಲ ಯೇಸುವನ್ನು ಕರೆಯಬೇಕಾಗಿ ಬಂದದ್ದು ಈ ದೌರ್ಬಲ್ಯದಿಂದಲೇ ಅಲ್ವಾ? ಅದಿಲ್ಲದಿದ್ದರೆ ನಾನು ಭಾನುವಾರ ಮಾತ್ರ ಕರೆಯುತ್ತಿದ್ದೆನೋ ಏನೋ.

ಶಿಷ್ಯರಾದ ಯಾಕೋಬ, ಯೊವಾನ್ನ ಅಣ್ಣತಮ್ಮಂದಿರಿಗೆ ಯೇಸುವೇ ಗುಡುಗಿನ ಮಕ್ಕಳು ಅಂತ ಹೆಸರಿಟ್ಟರು ಅಂತ ಮಾರ್ಕ ಬರೆಯುತ್ತಾನೆ. ಸಮಾರಿಯದ ಒಂದು ಹಳ್ಳಿ ತಮ್ಮನ್ನು ಸೇರಿಸಿಕೊಳ್ಳಲಿಲ್ಲ ಅಂತ, ಆಕಾಶದಿಂದ ಬೆಂಕಿ ಇಳಿಸಿ ಸುಡೋಣವಾ ಅಂತ ಕೇಳಿದವರು ಇವರೇ. ಯೇಸು ಗದರಿಸಿದರು. ಆದರೆ ಕಳಿಸಿಬಿಡಲಿಲ್ಲ, ಜೊತೆಗೇ ಇಟ್ಟುಕೊಂಡರು. ನನ್ನಂಥವರಿಗೆ ಇದು ದೊಡ್ಡ ಧೈರ್ಯ.

ಈ ತಪಸ್ಸುಕಾಲದಿಂದ ನಾಲಿಗೆಯ ಗೆರೆ ನಿಲ್ಲಿಸಿದ್ದೇನೆ. ಗುರುಗಳನ್ನು ಕೇಳಿಯೇ ನಿಲ್ಲಿಸಿದ್ದು. ಈಗ ಹೊಟ್ಟೆಕಿಚ್ಚಿನ ಗೆರೆ. ಆ ಬುಟಿಕ್‌ನವರ ಹೆಸರು ಹೇಳಿ ದಿನಾ ಬೆಳಗ್ಗೆ ಅವರ ವ್ಯಾಪಾರಕ್ಕಾಗಿ ಪ್ರಾರ್ಥಿಸು ಅಂದಿದ್ದಾರೆ. ಮೊದಲ ವಾರ ಬಾಯಲ್ಲಿ ಮಾತ್ರ ಹೇಳಿದೆ. ಈಗ ಸ್ವಲ್ಪ ಸ್ವಲ್ಪ ಮನಸ್ಸೂ ಸೇರುತ್ತಿದೆ.

ಶುರು ಮಾಡುವವರು ಒಂದೇ ಒಂದು ದೋಷ ಆರಿಸಿಕೊಳ್ಳಿ. ಯಾವುದು ಅಂತ ನಿಮಗೇ ತಿಳಿಯದಿದ್ದರೆ ಮನೆಯವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ನಂಬಿಕೆಯ ಒಬ್ಬ ಗುರುಗಳಿಗೋ ಸಿಸ್ಟರಿಗೋ ತಿಂಗಳಿಗೊಮ್ಮೆ ಹಾಳೆ ತೋರಿಸಿ. ಹೊಲಿಗೆ ಕೆಲಸದವರು ಚೌತಿ ವಾರದಲ್ಲಾಗಲಿ, ಕ್ರಿಸ್‌ಮಸ್ ಮುಂಚಿನ ವಾರದಲ್ಲಾಗಲಿ ಶುರು ಮಾಡಬೇಡಿ. ಕೆಲಸ ಕಡಿಮೆ ಇರುವ ಮಳೆಗಾಲದ ಮೊದಲ ತಿಂಗಳು ಒಳ್ಳೆಯದು.